ಮಂಗಳೂರು–ಉಡುಪಿ 10ಜಿ ಲಿಂಕ್ ಮಳೆಗೆ ಬೀಳುತ್ತಿರುವುದಕ್ಕೆ

ಮಳೆ ಬಂದಾಗ ನಿಮ್ಮ ಸೆಕೆಂಡಿಗೆ 10 ಗಿಗಾಬಿಟ್‌ನ ಫೈಬರ್ ಲಿಂಕ್ ಕಡಿದುಹೋಗುತ್ತದೆ, ಸ್ವಿಚ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಸ್ವಿಚ್ ಕೆಟ್ಟಿಲ್ಲ, ಅದಕ್ಕೆ ಸಿಕ್ಕಿಸಿರುವ ಮಾಡ್ಯೂಲ್ (ಫೈಬರ್‌ಗೆ ಬೆಳಕು ಕಳಿಸಿ, ಪಡೆಯುವ ತುಣುಕು) ಸಾಲುತ್ತಿಲ್ಲ ಅನ್ಸುತ್ತೆ. 58 ಕಿ.ಮೀ. ಫೈಬರ್‌ಗೆ ನೀವು ಹಾಕಿರುವುದು 40 ಕಿ.ಮೀ.ನ ಇಆರ್ ಮಾದರಿಯ ಮಾಡ್ಯೂಲ್ ಅಲ್ವಾ? 1550 ನ್ಯಾನೊಮೀಟರ್‌ನಲ್ಲಿ ಕಿಲೋಮೀಟರಿಗೆ 0.25 ಡಿಬಿ (ಡೆಸಿಬೆಲ್) ಬೆಳಕಿನ ನಷ್ಟ ಹಿಡಿದರೆ 14.5 ಆಯಿತು. ಸ್ಪ್ಲೈಸ್ (ಫೈಬರ್ ಬೆಸೆದ ಜಾಗ), ಕನೆಕ್ಟರ್ ಸೇರಿ 17ರ ಹತ್ತಿರ. ಬಿಸಿಲಿಗೆ ಹೇಗೋ ಎಳೆಯುತ್ತದೆ, ಅಷ್ಟೇ.

ಮೊದಲು ಎರಡೂ ತುದಿಯ ಆರ್‌ಎಕ್ಸ್ ಪವರ್ (ಬಂದು ತಲುಪುವ ಬೆಳಕಿನ ಬಲ) ನೋಡಿ. ಇಆರ್‌ನ ಮಿತಿ -15.8 ಡಿಬಿಎಂ (ಬೆಳಕಿನ ಬಲದ ಅಳತೆ), ಅದಕ್ಕಿಂತ ಕಮ್ಮಿಯಾದರೆ ಹಿಡಿಯುವುದಿಲ್ಲ. ಒಂದೇ ಕಡೆ ಕಮ್ಮಿ ಇದ್ದರೆ ಕನೆಕ್ಟರ್ ಒರೆಸಿ ಮತ್ತೆ ನೋಡಿ. ಎರಡೂ ಕಡೆ ಅಂಚಿನಲ್ಲಿದ್ದರೆ 80 ಕಿ.ಮೀ.ನ ಝಡ್‌ಆರ್ ಜೋಡಿ ತರಿಸಿ. ಅದು -24 ತನಕ ಹಿಡಿಯುತ್ತದೆ. ಬಿಸಿ ಜಾಸ್ತಿ, ನಿಮ್ಮ ಸ್ವಿಚ್ ಒಪ್ಪುತ್ತದಾ ಅಂತ ಮೊದಲೇ ವಿಚಾರಿಸಿ.

ಝಡ್‌ಆರ್ ಎರಡನ್ನೂ ಮೇಜಿನ ಮೇಲಿಟ್ಟು ಸುಮ್ನೆ ಪ್ಯಾಚ್ ಕಾರ್ಡ್‌ನಲ್ಲಿ (ಗಿಡ್ಡ ಫೈಬರ್ ತುಂಡಿನಲ್ಲಿ) ಜೋಡಿಸಬೇಡಿ. -7 ಡಿಬಿಎಂಗಿಂತ ಜೋರಾದ ಬೆಳಕು ರಿಸೀವರ್‌ಗೆ ಆಗುವುದಿಲ್ಲ, ನಾನು ಒಂದನ್ನು ಹಾಗೇ ಸುಟ್ಟಿದ್ದೇನೆ. ನಡುವೆ 15 ಡಿಬಿ ಅಟೆನ್ಯುಯೇಟರ್ (ಬೆಳಕು ತಗ್ಗಿಸುವ ತುಣುಕು) ಇರಲಿ.

ಮಳೆಗೇ ಯಾಕೆ ಅನ್ನುವುದನ್ನು ಇಲ್ಲಿಂದ ಖಚಿತವಾಗಿ ಹೇಳಲಾರೆ. ಪಡುಬಿದ್ರಿ ಹತ್ತಿರ ನಾವು ತೆರೆದ ಒಂದು ಜಾಯಿಂಟ್ ಬಾಕ್ಸ್‌ನಲ್ಲಿ ಲೋಟದಷ್ಟು ನೀರಿತ್ತು. ಲೈನ್ ಕೊಟ್ಟವರಿಂದ ಮಳೆ ಬರುವಾಗಲೇ 1550ರಲ್ಲಿ ಒಟಿಡಿಆರ್ (ಫೈಬರ್‌ನ ಯಾವ ಜಾಗದಲ್ಲಿ ನಷ್ಟ ಅಂತ ತೋರಿಸುವ ಉಪಕರಣ) ಹಾಕಿಸಿ, ಹಳೆಯ ಟ್ರೇಸ್ (ಅದರ ಗ್ರಾಫ್) ಪಕ್ಕದಲ್ಲಿಟ್ಟು ನೋಡಿ.