ಸ್ಪ್ಯಾನಿಷಿನಲ್ಲಿ ಕ್ಷೇಮ ಸಮಾಚಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಕಂಪನಿಗೆ ಮೆಕ್ಸಿಕೊ ಸಿಟಿಯಲ್ಲಿ ಗ್ರಾಹಕರಿದ್ದಾರೆ. ಫೋನಿನಲ್ಲಿ ಕೆಲಸದ ಮಾತಿಗೆ ಮೊದಲು ‘ಹೇಗಿದ್ದೀರಿ’ ಎಂದು ಕೇಳಲು ‘ಕೋಮೊ ಎಸ್ತಾಸ್’ ಸರಿಯೋ ‘ಕೋಮೊ ಎಸ್ತಾ’ ಸರಿಯೋ? ಅವರೇ ಕೇಳಿದರೆ ಏನು ಹೇಳಬೇಕು? (ಬೆಂಗಳೂರಿನ ಓದುಗರು)

ಉತ್ತರ: ‘ಕೋಮೊ ಎಸ್ತಾಸ್’ ಅಂದರೆ ‘ಹೇಗಿದ್ದೀಯ’, ‘ಕೋಮೊ ಎಸ್ತಾ ಉಸ್ತೆದ್’ ಅಂದರೆ ‘ಹೇಗಿದ್ದೀರಿ’. ಹೊಸ ಗ್ರಾಹಕರೊಡನೆ ಎರಡನೆಯದನ್ನೇ ಬಳಸಿ. ಸಲಿಗೆ ಬೆಳೆದ ಮೇಲೆ ಅವರೇ ‘ಆಬ್ಲಮೆ ದೆ ತು’ ಎಂದು ಏಕವಚನಕ್ಕೆ ಒಪ್ಪಿಗೆ ಕೊಡುತ್ತಾರೆ. ಅಲ್ಲಿಯವರೆಗೆ ‘ಉಸ್ತೆದ್’ ಬಿಡಬೇಡಿ.

ನೀನು, ನೀವು ಎಂಬ ಭೇದ ನಮಗೆ ಹುಟ್ಟಿನಿಂದ ಗೊತ್ತು, ಆದರೆ ಕನ್ನಡಿಗರು ಎಡವುವುದೂ ಇಲ್ಲಿಯೇ. ನಮ್ಮ ‘ನೀವು’ ಗೌರವಕ್ಕೂ ಆಗುತ್ತದೆ, ಬಹುವಚನಕ್ಕೂ ಆಗುತ್ತದೆ. ಸ್ಪ್ಯಾನಿಷಿನಲ್ಲಿ ಹಾಗಲ್ಲ. ‘ಉಸ್ತೆದ್’ ಒಬ್ಬರಿಗೆ ಮಾತ್ರ, ಅದರ ಕ್ರಿಯಾಪದ ‘ಅವನು, ಅವಳು’ ಎನ್ನುವಾಗ ಬರುವ ಏಕವಚನದ್ದೇ: ‘ಎಸ್ತಾ’. ಗೌರವ ಕೊಡುವ ಭರದಲ್ಲಿ ಒಬ್ಬರಿಗೆ ‘ಎಸ್ತಾನ್’ ಅಂದರೆ ತಪ್ಪು. ಕರೆಯಲ್ಲಿ ಇಬ್ಬರೋ ಮೂವರೋ ಇದ್ದಾಗ ‘ಕೋಮೊ ಎಸ್ತಾನ್’ ಅನ್ನಿ. ಸ್ಪೇನಿನಲ್ಲಾದರೆ ಸಲಿಗೆಯವರ ಗುಂಪಿಗೆ ‘ಕೋಮೊ ಎಸ್ತಾಯಿಸ್’ ಎಂಬ ಬೇರೆಯೇ ರೂಪವಿದೆ, ಲ್ಯಾಟಿನ್ ಅಮೆರಿಕದಲ್ಲಿ ಅದು ದಿನಬಳಕೆಯಲ್ಲಿಲ್ಲ.

ಉತ್ತರ ಹೇಳುವಾಗ ‘ಬಿಯೆನ್, ಗ್ರಾಸಿಯಾಸ್’ ಎಂದು ನಿಲ್ಲಿಸಬೇಡಿ, ‘ಇ ಉಸ್ತೆದ್?’ ಎಂದು ತಿರುಗಿ ಕೇಳಿ. ಅದು ಬಿಟ್ಟುಹೋದರೆ ಮಾತು ಕಡಿದ ಹಾಗಾಗುತ್ತದೆ. ಇನ್ನೊಂದು ಎಚ್ಚರಿಕೆ: ‘ಬಿಯೆನ್’ ಬದಲು ‘ಎಸ್ತೊಯ್ ಬ್ವೇನೊ’ ಎಂದು ಎಂದೂ ಹೇಳಬೇಡಿ. ‘ನಾನು ನೋಡಲು ಬಲು ಆಕರ್ಷಕ’ ಎಂಬ ಅರ್ಥ ಹೊರಡುತ್ತದೆ, ಆಫೀಸಿನ ಕರೆಯಲ್ಲಿ ಅದು ಮುಜುಗರದ ಮಾತು. ಎದುರಿನವರು ‘ರೆಗುಲಾರ್’ ಅಂದರೆ ಎಲ್ಲ ಮಾಮೂಲಾಗಿದೆ ಎಂದುಕೊಳ್ಳಬೇಡಿ. ಅಷ್ಟಕ್ಕಷ್ಟೇ, ಏನೋ ಸರಿಯಿಲ್ಲ ಎಂದರ್ಥ. ‘ಇ ಏಸೊ?’, ಅಂದರೆ ‘ಯಾಕೆ, ಏನಾಯ್ತು?’ ಎಂದು ವಿಚಾರಿಸಿ. ಆ ಒಂದು ಪ್ರಶ್ನೆಯನ್ನು ಅವರು ಮರೆಯುವುದಿಲ್ಲ.

ಗಡಿಯಾರವನ್ನೂ ನೋಡಿಕೊಳ್ಳಿ. ಮೆಕ್ಸಿಕೊ ಸಿಟಿ ನಮಗಿಂತ 11 ಗಂಟೆ 30 ನಿಮಿಷ ಹಿಂದಿದೆ. ನಿಮಗೆ ರಾತ್ರಿ 8.30 ಆದಾಗ ಅವರಿಗೆ ಬೆಳಿಗ್ಗೆ 9, ಆದ್ದರಿಂದ ‘ಬ್ವೇನೊಸ್ ದೀಯಸ್’ ಎಂದೇ ಶುರುಮಾಡಿ. 2022ರ ಅಕ್ಟೋಬರಿನಲ್ಲಿ ಮೆಕ್ಸಿಕೊ ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ಪದ್ಧತಿಯನ್ನು ಕೈಬಿಟ್ಟಿತು, ಹಾಗಾಗಿ ಈ ಅಂತರ ವರ್ಷವಿಡೀ ಒಂದೇ.

ಉಚ್ಚಾರಣೆಯಲ್ಲಿ ಕನ್ನಡ ನಿಮ್ಮ ಕೈ ಹಿಡಿಯುತ್ತದೆ. ಇಂಗ್ಲಿಷಿನ ಅಭ್ಯಾಸದಿಂದ ‘ಎಸ್ಟಾಸ್’ ಎನ್ನುವವರು ಬಹಳ. ಅಲ್ಲಿರುವುದು ನಮ್ಮ ‘ತ’, ‘ಟ’ ಅಲ್ಲ. ಕೊನೆಯ ‘ತಾ’ವನ್ನು ಒತ್ತಿ ಹೇಳಿ: ‘ಎಸ್ತಾ’ ಇದ್ದೀರಿ ಎಂದಾದರೆ, ಒತ್ತು ಮೊದಲಿಗೆ ಬಂದ ‘ಎಸ್ತ’ ‘ಈ’ ಎಂದಾಗುತ್ತದೆ.

ಪ್ರಶ್ನೆ: ಮಗಳು ಮ್ಯಾಡ್ರಿಡ್‌ನಲ್ಲಿ ಓದುತ್ತಿದ್ದಾಳೆ. ಮನೆ ಮಾಲಕಿಯ ಗಂಡನಿಗೆ ಆಪರೇಷನ್ ಆಗಿದೆ. ಹೇಗೆ ವಿಚಾರಿಸಬೇಕು? (ಮೈಸೂರಿನ ಓದುಗರು)

ಉತ್ತರ: ‘ಕೋಮೊ ಸೀಗೆ ಸು ಮರೀದೊ?’ ಎಂದು ಕೇಳಲಿ. ಕಾಯಿಲೆ ಬಿದ್ದವರು ಈಗ ಹೇಗಿದ್ದಾರೆ, ಸುಧಾರಿಸುತ್ತಿದ್ದಾರಾ ಎಂಬ ಕಾಳಜಿ ‘ಸೀಗೆ’ಯಲ್ಲಿದೆ. ಸಾಧಾರಣ ‘ಎಸ್ತಾ’ಕ್ಕಿಂತ ಇದು ಹತ್ತಿರದ ಮಾತು, ಏಕೆಂದರೆ ಹಿಂದಿನ ಸುದ್ದಿ ನೆನಪಿದೆ ಎಂದು ಅದರಲ್ಲೇ ತಿಳಿಯುತ್ತದೆ. ಮಾಲಕಿಯೊಡನೆ ಸಲಿಗೆಯಿದ್ದರೆ ‘ಸು’ ಬದಲು ‘ತು’. ಸ್ಪೇನಿನಲ್ಲಿ ಮೆಕ್ಸಿಕೊಗಿಂತ ಬೇಗ ಏಕವಚನಕ್ಕೆ ಇಳಿಯುತ್ತಾರೆ.

ಮಾತು ಮುಗಿಸುವಾಗ ‘ಕೆ ಸೆ ಮೆಹೋರೆ’, ಅಂದರೆ ‘ಬೇಗ ಗುಣವಾಗಲಿ’. ರೋಗಿಯೇ ಎದುರಿಗಿದ್ದು ಸಲಿಗೆಯಿದ್ದರೆ ‘ಕೆ ತೆ ಮೆಹೋರೆಸ್’. ‘ಹೋ’ ಗಂಟಲಿನಿಂದ ಗಡುಸಾಗಿ ಬರಬೇಕು, ಮ್ಯಾಡ್ರಿಡ್‌ನಲ್ಲಂತೂ ಇನ್ನೂ ಗಡುಸು.

ತಪ್ಪಿಯೂ ‘ಕೋಮೊ ಎಸ್ ಸು ಮರೀದೊ’ ಎಂದು ಕೇಳದಿರಲಿ. ನಮಗೆ ಎಲ್ಲಕ್ಕೂ ‘ಇರು’ ಒಂದೇ ಸಾಕು, ಅವರಿಗೆ ಎರಡು ಕ್ರಿಯಾಪದಗಳಿವೆ. ‘ಎಸ್ತಾ’ ಈಗಿನ ಸ್ಥಿತಿಗೆ, ‘ಎಸ್’ ಸ್ವಭಾವಕ್ಕೆ, ರೂಪಕ್ಕೆ. ‘ಎಸ್’ ಬಳಸಿದರೆ ‘ಎತ್ತರದ ಆಳು, ಸ್ವಲ್ಪ ಮುಂಗೋಪಿ’ ಎಂಬಂಥ ಉತ್ತರ ಬಂದೀತು.

ಪ್ರಶ್ನೆ: ನಾವು ‘ಊಟ ಆಯ್ತಾ’ ಎಂದು ಕೇಳುವ ಹಾಗೆ ಅವರನ್ನೂ ಕೇಳಬಹುದೇ? (ಶಿವಮೊಗ್ಗದ ಓದುಗರು)

ಉತ್ತರ: ‘ಯಾ ಕೊಮಿಸ್ತೆ?’ ಎಂದು ಮನೆಯವರಲ್ಲಿ, ಆಪ್ತರಲ್ಲಿ ಕೇಳಬಹುದು. ಪರಿಚಯವಷ್ಟೇ ಇರುವವರಿಗೆ ಅದು ಊಟಕ್ಕೆ ಕರೆದಂತೆ ಕೇಳಿಸುತ್ತದೆ. ಅಂಥವರಿಗೆ ‘ಕೆ ತಾಲ್?’ ಸಾಕು. ಗೆಳೆಯರ ನಡುವೆ ಅರ್ಜೆಂಟೀನಾದಲ್ಲಿ ‘ಕೋಮೊ ಅಂದಾಸ್’, ಕೊಲಂಬಿಯಾದಲ್ಲಿ ‘ಕೆ ಮಾಸ್’, ಮೆಕ್ಸಿಕೊದಲ್ಲಿ ‘ಕೆ ಓಂದ’ ನಡೆಯುತ್ತವೆ. ಆದರೆ ‘ಕೆ ಓಂದ’ವನ್ನು ಹಿರಿಯರ ಮುಂದೆ ಆಡಬೇಡಿ.

ಪ್ರಶ್ನೆ: ಮೇಲ್ ಬರೆಯುವಾಗ? (ಹುಬ್ಬಳ್ಳಿಯ ಓದುಗರು)

ಉತ್ತರ: ಮೊದಲ ಸಾಲಿಗೆ ‘ಎಸ್ಪೇರೊ ಕೆ ಸೆ ಎಂಕ್ವೆಂತ್ರೆ ಬಿಯೆನ್’, ‘ತಾವು ಕ್ಷೇಮವೆಂದು ಆಶಿಸುತ್ತೇನೆ’ ಎಂಬುದು ಒಪ್ಪುತ್ತದೆ. ಆಶಯದ ಮಾತಾದ್ದರಿಂದ ‘ಎಂಕ್ವೆಂತ್ರ’ ಆಗದೆ ‘ಎಂಕ್ವೆಂತ್ರೆ’ ಆಗಬೇಕು. ಪ್ರಶ್ನೆ ಬರೆದರೆ ಕೊನೆಯಲ್ಲಿ ಮಾತ್ರವಲ್ಲ, ಆರಂಭದಲ್ಲೂ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ ಬೇಕು. ಸ್ಪೇನಿನ ರಾಯಲ್ ಅಕಾಡೆಮಿ 1754ರಲ್ಲಿ ತಂದ ನಿಯಮವಿದು. ‘ಕೋಮೊ’ದ ಮೊದಲ ಓ ಮೇಲೆ ಓರೆಗೆರೆ ಹಾಕಲು ಮರೆತರೆ ಅದು ‘ಹೇಗೆ’ ಆಗುವುದಿಲ್ಲ, ‘ತಿನ್ನುತ್ತೇನೆ’ ಎಂದೋ ‘ಹಾಗೆ’ ಎಂದೋ ಓದಿಸಿಕೊಳ್ಳುತ್ತದೆ. ಫೋನಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನೂ ಓ ಅಕ್ಷರವನ್ನೂ ಒತ್ತಿ ಹಿಡಿದರೆ ಎರಡೂ ಸಿಗುತ್ತವೆ. ವಿಂಡೋಸ್ ಕಂಪ್ಯೂಟರಿನಲ್ಲಿ ಆಲ್ಟ್ ಕೀಲಿ ಒತ್ತಿಕೊಂಡು ಬಲಗಡೆಯ ಅಂಕಿಗಳಲ್ಲಿ 0191 ಹೊಡೆದರೆ ತಲೆಕೆಳಗಾದ ಚಿಹ್ನೆ, 0243 ಹೊಡೆದರೆ ಗೆರೆಯುಳ್ಳ ಓ ಬರುತ್ತದೆ.