ಎಣ್ಣೆಗಾಯಿಯ ರುಚಿಯಲ್ಲಿ ಸ್ಲೋ ಕುಕ್ಕರಿನ ಕೋಳಿ

ಪ್ರಶ್ನೆ: ಅಕ್ಕನವರಿಗೆ ನಮಸ್ಕಾರ. ನಮ್ಮ ಮನೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿದೆ, ಗದಗಿನ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೇನೆ. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟರೆ ಮರಳುವುದು ಸಂಜೆ ಆರೂವರೆಗೆ. ಅಮೆರಿಕದಲ್ಲಿರುವ ನಾದಿನಿ ಈ ಸಲ ಬಂದಾಗ ಸ್ಲೋ ಕುಕ್ಕರ್ (ಮಂದ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆ) ತಂದುಕೊಟ್ಟಿದ್ದಾಳೆ. ಜೇನುತುಪ್ಪ, ಸೋಯಾ ಸಾಸ್, ಕೆಚಪ್, ಬೆಳ್ಳುಳ್ಳಿ ಹಾಕಿ ಕೋಳಿ ಬೇಯಿಸುವ ಕ್ರಮವನ್ನೂ ಬರೆದುಕೊಟ್ಟಿದ್ದಾಳೆ. ‘ಎಲ್ಲವನ್ನೂ ಸುರಿದು ಗುಂಡಿ ಒತ್ತಿ ಹೋಗು, ಸಂಜೆ ಊಟ ಸಿದ್ಧವಿರುತ್ತದೆ’ ಎನ್ನುತ್ತಾಳೆ. ಆದರೆ ಕೋಳಿಗೆ ಸಿಹಿ ಎಂದ ಕೂಡಲೇ ನಮ್ಮ ಮನೆಯವರೂ ಅತ್ತೆಯವರೂ ಮುಖ ತಿರುಗಿಸುತ್ತಾರೆ. ಪೆಟ್ಟಿಗೆಯನ್ನೇ ಇನ್ನೂ ಬಿಚ್ಚಿಲ್ಲ. ರೊಟ್ಟಿಗೆ ಹೊಂದುವಂತೆ ಇದನ್ನು ಮಾಡಲು ಬರುತ್ತದೆಯೇ?

ಉತ್ತರ: ತಂಗಿ, ಪೆಟ್ಟಿಗೆ ಬಿಚ್ಚದೆ ಇದ್ದದ್ದು ಒಳ್ಳೆಯದೇ ಆಯಿತು. ಬಿಚ್ಚಿದ ಮೇಲೆ ಮೊದಲು ಮಾಡಬೇಕಾದ ಕೆಲಸ ಕುಕ್ಕರನ್ನು ಮಗುಚಿ ತಳದಲ್ಲಿ ಅಂಟಿಸಿರುವ ಚೀಟಿ ಓದುವುದು. ಅಮೆರಿಕದ ಮನೆಗಳಲ್ಲಿ ವಿದ್ಯುತ್ತು 120 ವೋಲ್ಟ್, ನಮ್ಮಲ್ಲಿ 230. ಚೀಟಿಯಲ್ಲಿ 120 ಎಂದಷ್ಟೇ ಇದ್ದರೆ ನಮ್ಮ ಗೋಡೆಯ ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸಲೇಬೇಡಿ. ಕಾಯುವ ತಂತಿ ಮೂರೂವರೆ ಪಟ್ಟಿಗೂ ಹೆಚ್ಚು ಶಕ್ತಿ ಎಳೆದು ಸುಟ್ಟುಹೋಗುತ್ತದೆ, ಬೆಂಕಿ ಹತ್ತುವ ಭಯವೂ ಇದೆ. ಪಿನ್ನಿನ ಆಕಾರ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಇಳಿಸುವುದಿಲ್ಲ. ಅದಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಕುಕ್ಕರಿನ ವ್ಯಾಟ್ ಎಷ್ಟಿದೆಯೋ ಅದಕ್ಕಿಂತ ಹೆಚ್ಚು ತಾಳುವಂಥದ್ದನ್ನು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಚೀಟಿ ತೋರಿಸಿಯೇ ತನ್ನಿ. ಉಡುಗೊರೆ ಕೊಟ್ಟವರ ಪ್ರೀತಿ ದೊಡ್ಡದು, ಆದರೆ ಈ ಮಾತನ್ನು ಹೇಳದೆ ಅಡುಗೆ ಹೇಳಿಕೊಡಲು ನನಗೆ ಮನಸ್ಸು ಬರುವುದಿಲ್ಲ.

ಈಗ ಸಿಹಿಯ ವಿಚಾರ. ನಿಮ್ಮ ಅತ್ತೆಯವರು ಬದನೆಕಾಯಿ ಎಣ್ಣೆಗಾಯಿ ಮಾಡುವಾಗ ಬೆಲ್ಲ ಹಾಕುತ್ತಾರೋ ಇಲ್ಲವೋ ಕೇಳಿ. ಹಾಕಿಯೇ ಹಾಕುತ್ತಾರೆ. ಆದರೂ ಎಣ್ಣೆಗಾಯಿಯನ್ನು ಯಾರೂ ಸಿಹಿ ಪಲ್ಯ ಎನ್ನುವುದಿಲ್ಲ, ಏಕೆಂದರೆ ಆ ಬೆಲ್ಲದ ಎದುರಿಗೆ ಹುಣಸೆಹಣ್ಣು ಇದೆ, ಖಾರವಿದೆ, ಹುರಿದ ಮಸಾಲೆ ಇದೆ. ನಾದಿನಿ ಬರೆದುಕೊಟ್ಟ ಕ್ರಮದಲ್ಲೂ ಲೆಕ್ಕ ಇದೇ: ಜೇನುತುಪ್ಪ ಬೆಲ್ಲದ ಜಾಗದಲ್ಲಿದೆ, ಕೆಚಪ್ಪು ಹುಳಿಯ ಜಾಗದಲ್ಲಿ, ಸೋಯಾ ಸಾಸ್ ಉಪ್ಪಿನ ಜಾಗದಲ್ಲಿ. ಅಲ್ಲಿ ಇಲ್ಲದ್ದು ಖಾರ ಮಾತ್ರ. ಆದ್ದರಿಂದ ಮನೆಯಲ್ಲಿ ‘ಸಿಹಿ ಕೋಳಿ’ ಎನ್ನಬೇಡಿ, ‘ಎಣ್ಣೆಗಾಯಿ ಮಸಾಲೆಯ ಕೋಳಿ’ ಎನ್ನಿ. ಅದು ಸುಳ್ಳೂ ಅಲ್ಲ.

ಒಂದು ಕಿಲೋ ಕೋಳಿಗೆ ಅಳತೆ ಹೇಳುತ್ತೇನೆ. ಅಂಗಡಿಯಲ್ಲಿ ಎದೆಯ ಭಾಗ ಬೇಡವೆಂದು, ಕಾಲು ಮತ್ತು ತೊಡೆಯನ್ನು ಮೂಳೆ ಸಮೇತ, ಚರ್ಮ ತೆಗೆಸಿ ತನ್ನಿ. ಎದೆಯ ಮಾಂಸ ಗಂಟೆಗಟ್ಟಲೆ ಬೆಂದರೆ ನಾರಿನಂತಾಗುತ್ತದೆ. ತೊಡೆಯಲ್ಲಿ ಜಿಡ್ಡೂ ಸ್ನಾಯುವನ್ನು ಹಿಡಿದಿಡುವ ನಾರೂ ಹೆಚ್ಚು, ಆ ನಾರು ನಿಧಾನದ ಬಿಸಿಗೆ ಕರಗಿ ರಸಕ್ಕೆ ಅಂಟು ಕೊಡುತ್ತದೆ. ಹತ್ತು ಬ್ಯಾಡಗಿ ಮೆಣಸಿನಕಾಯಿಗಳನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ. ಬ್ಯಾಡಗಿಯಲ್ಲೇ ಗಿಡ್ಡಗೆ ದುಂಡಗಿರುವ ‘ಡಬ್ಬಿ’ ಬಗೆ ಸಿಕ್ಕರೆ ಅದೇ ಇರಲಿ, ಇಲ್ಲವಾದರೆ ಉದ್ದನೆಯ ‘ಕಡ್ಡಿ’ ಬಗೆಯೂ ಆದೀತು. ನಾನು ಹಾವೇರಿ ಕಡೆಯವಳು, ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಸೂಚಕ ಸಿಗುವುದಕ್ಕೆ ಎಷ್ಟೋ ಮೊದಲಿನಿಂದ ನಮ್ಮ ಮನೆಯಲ್ಲಿ ಬೇರೆ ಮೆಣಸಿನಕಾಯಿ ಬಂದದ್ದಿಲ್ಲ. ಈ ಅಡುಗೆಗೆ ಬೇಕಾದದ್ದು ಅದರ ಗುಣವೇ: ಬಣ್ಣ ಗಾಢ, ಖಾರ ಹಿತ. ತೀರ ಖಾರದ ಕಾಯಿ ಹಾಕಿದರೆ ಅದನ್ನು ಅಡಗಿಸಲು ಬೆಲ್ಲ ಸುರಿಯುತ್ತಾ ಹೋಗಬೇಕಾಗುತ್ತದೆ, ಅಡುಗೆ ಕೆಡುವುದು ಅಲ್ಲಿಯೇ.

ನೆನೆದ ಮೆಣಸಿನಕಾಯಿ, ಹನ್ನೆರಡು ಎಸಳು ಬೆಳ್ಳುಳ್ಳಿ, ಒಂದಿಂಚು ಹಸಿ ಶುಂಠಿ, ಹುರಿದ ಒಂದು ಚಮಚ ಧನಿಯಾ, ಅರ್ಧ ಚಮಚ ಜೀರಿಗೆ, ಮೂರು ಲವಂಗ, ತುಂಡು ದಾಲ್ಚಿನ್ನಿ, ಎರಡು ಚಮಚ ಹುರಿದ ಒಣಕೊಬ್ಬರಿ, ಇಷ್ಟನ್ನೂ ನುಣ್ಣಗೆ ರುಬ್ಬಿ. ಬಾಣಲೆಯಲ್ಲಿ ಮೂರು ಚಮಚ ಎಣ್ಣೆ ಕಾಯಿಸಿ, ಸಣ್ಣಗೆ ಹೆಚ್ಚಿದ ಮೂರು ಉಳ್ಳಾಗಡ್ಡಿಗಳನ್ನು ಕೆಂಪಗೆ ಹುರಿದು, ರುಬ್ಬಿದ್ದನ್ನು ಸೇರಿಸಿ ಎಣ್ಣೆ ಬಿಡುವವರೆಗೂ ಕೈಯಾಡಿಸಿ. ‘ಎಲ್ಲವನ್ನೂ ಸುರಿದು ಹೋಗು’ ಎಂಬ ಮಾತಿಗೆ ನಾನು ಒಪ್ಪದಿರುವುದು ಇಲ್ಲಿ. ಸ್ಲೋ ಕುಕ್ಕರಿನ ಬಿಸಿ ಕುದಿಬಿಂದುವಿನ ಆಸುಪಾಸಿನಲ್ಲೇ ನಿಲ್ಲುತ್ತದೆ, ಒಳಗೆ ಯಾವಾಗಲೂ ಹಬೆ. ಅಲ್ಲಿ ಯಾವುದೂ ಹುರಿಯುವುದಿಲ್ಲ. ಹಸಿ ಮಸಾಲೆ ಎಂಟು ಗಂಟೆ ಬೆಂದರೂ ಹಸಿಯಾಗಿಯೇ ನಾರುತ್ತದೆ. ಈ ಹದಿನೈದು ನಿಮಿಷವನ್ನು ಉಳಿಸಲು ಹೋಗಬೇಡಿ.

ಕೋಳಿಗೆ ಒಂದೂವರೆ ಚಮಚ ಉಪ್ಪು ಸವರಿ ಕುಕ್ಕರಿನ ಪಿಂಗಾಣಿ ಪಾತ್ರೆಗೆ ಹಾಕಿ, ಮೇಲೆ ಹುರಿದ ಮಸಾಲೆ, ನಿಂಬೆಗಾತ್ರದ ಹುಣಸೆಹಣ್ಣಿನ ಗಟ್ಟಿ ರಸ. ನೀರು ಬೇಡ. ಗ್ಯಾಸಿನ ಮೇಲೆ ಸಾರು ಕುದಿಸುವ ನಮ್ಮ ಕೈಗೆ ಇದು ಕಷ್ಟ, ನೀರಿನ ತಂಬಿಗೆ ತಾನಾಗಿ ಏಳುತ್ತದೆ. ಮೊದಲ ಸಲ ನಾನು ಎರಡು ಲೋಟ ಹಾಕಿದ್ದೆ. ಮುಚ್ಚಳ ತೆಗೆದಾಗ ಮೂರು ಲೋಟದಷ್ಟು ತಿಳಿಸಾರು, ಅದರ ತಳದಲ್ಲಿ ರುಚಿಯೆಲ್ಲ ಬಿಟ್ಟುಕೊಟ್ಟ ತುಂಡುಗಳು. ಈ ಕುಕ್ಕರಿನಿಂದ ಹಬೆ ಹೊರಗೆ ಹೋಗುವುದು ಅತಿ ಕಡಿಮೆ, ಕೋಳಿಯೂ ಉಳ್ಳಾಗಡ್ಡಿಯೂ ಬಿಡುವ ನೀರೇ ಬೇಕಾದಷ್ಟಾಗುತ್ತದೆ. ಪಾತ್ರೆ ಅರ್ಧಕ್ಕಿಂತ ಹೆಚ್ಚು, ಮುಕ್ಕಾಲಿಗಿಂತ ಕಡಿಮೆ ತುಂಬಿರಲಿ. ನಡುವೆ ಮುಚ್ಚಳ ತೆಗೆದು ನೋಡಬೇಡಿ. ತೆಗೆದ ಪ್ರತಿ ಸಲವೂ ಇಪ್ಪತ್ತು ನಿಮಿಷದ ಬಿಸಿ ಹೋಗುತ್ತದೆ.

‘ಲೋ’ ಗುಂಡಿಯಲ್ಲಿ ಮೂಳೆ ಸಮೇತದ ಬ್ರಾಯ್ಲರ್ ಕೋಳಿಗೆ ಐದರಿಂದ ಆರು ಗಂಟೆ, ‘ಹೈ’ ಆದರೆ ಮೂರರಿಂದ ನಾಲ್ಕು. ಜವಾರಿ ಕೋಳಿಗೆ ‘ಲೋ’ನಲ್ಲಿ ಎಂಟು ಗಂಟೆಯಾದರೂ ಬೇಕು. ನೀವು ಮನೆಯಿಂದ ಹೊರಗಿರುವುದು ಹನ್ನೊಂದು ಗಂಟೆ. ಅಷ್ಟು ಹೊತ್ತು ಬ್ರಾಯ್ಲರ್ ಕೋಳಿ ತಾಳುವುದಿಲ್ಲ, ಮೂಳೆಯಿಂದ ಕಳಚಿ ಪುಡಿಯಾಗುತ್ತದೆ. ಟೈಮರ್ ಇಟ್ಟು ಮಧ್ಯಾಹ್ನ ತಾನಾಗಿ ಶುರುವಾಗುವಂತೆ ಮಾಡೋಣವೆಂದರೆ ಹಸಿ ಕೋಳಿ ಅಷ್ಟು ಹೊತ್ತು ಹೊರಗಿರುತ್ತದೆ. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಯೋಚಿಸುವುದೂ ಬೇಡ. ಅದಕ್ಕೇ ನನ್ನ ಸಲಹೆ, ರಾತ್ರಿ ಬೇಯಿಸಿ. ಹನ್ನೊಂದಕ್ಕೆ ಹಚ್ಚಿ ಮಲಗಿದರೆ ಐದಕ್ಕೆ ನೀವು ಏಳುವ ಹೊತ್ತಿಗೆ ಬೆಂದಿರುತ್ತದೆ. ಅಗಲವಾದ ಬೋಗುಣಿಗೆ ತೆಗೆದು, ಉಗುರುಬೆಚ್ಚಗಾದ ಮೇಲೆ ಹೊರಡುವ ಮುಂಚೆ ಫ್ರಿಜ್ಜಿನಲ್ಲಿಡಿ. ಬಿಸಿ ಪಿಂಗಾಣಿ ಪಾತ್ರೆಗೆ ಮಾತ್ರ ತಣ್ಣೀರು ಸುರಿಯಬೇಡಿ, ಸೀಳುತ್ತದೆ. ಕರೆಂಟಿನ ಖರ್ಚಿಗೆ ಹೆದರಬೇಕಾಗಿಲ್ಲ, 250 ವ್ಯಾಟಿನ ಕುಕ್ಕರ್ ಆರು ಗಂಟೆ ಉರಿದರೂ ಒಂದೂವರೆ ಯೂನಿಟ್.

ಸಂಜೆ ಮಾಡುವ ಕೆಲಸ ಹತ್ತು ನಿಮಿಷದ್ದು, ಆದರೆ ಈ ಅಡುಗೆಯ ಜೀವ ಅಲ್ಲಿದೆ. ಬೆಳಿಗ್ಗೆ ಇಟ್ಟ ಕೋಳಿಯನ್ನು ಗ್ಯಾಸಿನ ಮೇಲೆ ಚೆನ್ನಾಗಿ ಕುದಿಸಿ, ತುಂಡುಗಳನ್ನು ಪಕ್ಕಕ್ಕೆ ತೆಗೆದು ರಸವನ್ನು ಮಾತ್ರ ಅಗಲ ಬಾಣಲೆಗೆ ಹಾಕಿ, ಉರಿ ದೊಡ್ಡದು ಮಾಡಿ. ಐವತ್ತು ಗ್ರಾಂ ಬೆಲ್ಲವನ್ನು ಎರಡು ಚಮಚ ನೀರಿನಲ್ಲಿ ಕರಗಿಸಿ ಸೋಸಿ ಸೇರಿಸಿ. ಸೋಸಲೇಬೇಕು, ಎಂಥ ಬೆಲ್ಲದಲ್ಲೂ ಒಂದು ಚಿಟಿಕೆ ಮರಳು ಇರುತ್ತದೆ. ಮೊದಲು ರಸ ನೊರೆನೊರೆಯಾಗಿ, ಸಣ್ಣ ಗುಳ್ಳೆಗಳಲ್ಲಿ ಗದ್ದಲ ಮಾಡುತ್ತಾ ಕುದಿಯುತ್ತದೆ. ನಾಲ್ಕೈದು ನಿಮಿಷಕ್ಕೆ ಸದ್ದು ತಗ್ಗಿ, ಗುಳ್ಳೆಗಳು ದೊಡ್ಡದಾಗಿ, ಮಂದವಾಗಿ ಒಡೆಯತೊಡಗುತ್ತವೆ, ಅಂಚಿನಲ್ಲಿ ಕೆಂಪೆಣ್ಣೆ ಕಾಣುತ್ತದೆ. ಸೌಟಿನ ಬೆನ್ನಿನ ಮೇಲೆ ಬೆರಳಿನಿಂದ ಗೆರೆ ಎಳೆದರೆ ಆ ಗೆರೆ ಮುಚ್ಚಿಕೊಳ್ಳಬಾರದು. ಆಗ ತುಂಡುಗಳನ್ನು ಮರಳಿ ಹಾಕಿ ಎರಡು ನಿಮಿಷ ಹೊರಳಾಡಿಸಿ. ಬೆಲ್ಲವನ್ನು ಮೊದಲೇ ಕುಕ್ಕರಿಗೆ ಹಾಕಿದರೆ ಕೆಡುವುದಿಲ್ಲ, ಆದರೆ ಸಿಹಿ ಎಷ್ಟೆಂದು ರುಚಿ ನೋಡಿ ಹದ ಮಾಡುವ ಅವಕಾಶ ಹೋಗುತ್ತದೆ. ಅತ್ತೆಯವರ ನಾಲಿಗೆಗೆ ಮೊದಲ ಸಲ ಮೂವತ್ತು ಗ್ರಾಂ ಸಾಕು. ಜೋಳದ ರೊಟ್ಟಿ ಬಿಸಿಯಿರಬೇಕು, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ, ಸೌತೆಕಾಯಿ. ಮೊಸರು ಬೇಕಿದ್ದರೆ ಊಟದ ಜೊತೆಗೆ ಇರಲಿ, ಕುಕ್ಕರಿನೊಳಗೆ ಹಾಕಿದರೆ ಒಡೆಯುತ್ತದೆ.

ನಿಧಾನದ ಅಡುಗೆ ನಮಗೆ ಹೊಸದು ಎಂದು ಮಾತ್ರ ತಿಳಿಯಬೇಡಿ. ರೊಟ್ಟಿ ಬಡಿದು ಮುಗಿದ ಮೇಲೆ ನಮ್ಮ ಅವ್ವ ಒಲೆಯ ಕುಳ್ಳಿನ ಕೆಂಡಕ್ಕೆ ಬೂದಿ ಮುಚ್ಚಿ, ಅದರ ಮೇಲೆ ಕೋಳಿಯ ಗಡಿಗೆ ಇಟ್ಟು ಹೊಲಕ್ಕೆ ಹೋಗುತ್ತಿದ್ದಳು. ಮಧ್ಯಾಹ್ನ ಬಂದು ತಟ್ಟೆ ಸರಿಸಿದಾಗ ಏಳುತ್ತಿದ್ದ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಸ್ಲೋ ಕುಕ್ಕರಿಗೆ 1940ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಇರ್ವಿಂಗ್ ನ್ಯಾಕ್ಸನ್ ಅವರಿಗೂ ಮೂಲ ಹೊಳಹು ಬಂದದ್ದು ತಾಯಿ ಹೇಳಿದ ಮಾತಿನಿಂದಲೇ. ಲಿಥುವೇನಿಯಾದ ಆ ತಾಯಿಯ ಊರಿನಲ್ಲಿ ಯೆಹೂದ್ಯರು ತಮ್ಮ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಹಿಂದಿನ ಸಂಜೆ ಮಾಂಸ, ಕಾಳುಗಳ ಗಡಿಗೆಯನ್ನು ಬೇಕರಿಯ ಒಲೆಯಲ್ಲಿಟ್ಟು, ರಾತ್ರಿಯಿಡೀ ಆರುತ್ತಿರುವ ಆ ಬಿಸಿಗೇ ಬೇಯಲು ಬಿಡುತ್ತಿದ್ದರಂತೆ.

ಪ್ರಶ್ನೆ: ರಾತ್ರಿ ಕರೆಂಟ್ ಹೋದರೆ ಏನು ಮಾಡಬೇಕು? ನಮ್ಮ ಬಡಾವಣೆಯಲ್ಲಿ ಮಳೆಗಾಲವೆಂದರೆ ಇದೇ ಗೋಳು. (ಧಾರವಾಡದ ಓದುಗರು)

ಉತ್ತರ: ಎಚ್ಚರವಿದ್ದು ಹೋದದ್ದು ಗೊತ್ತಾದರೆ ಕೂಡಲೇ ಗ್ಯಾಸಿನ ಮೇಲೆ ಬೇರೆ ಪಾತ್ರೆಗೆ ಹಾಕಿ ಅಡುಗೆ ಮುಗಿಸಿಬಿಡಿ. ಪಿಂಗಾಣಿ ಪಾತ್ರೆಯನ್ನೇ ಗ್ಯಾಸಿಗೆ ಇಡಬೇಡಿ. ಪೂರ್ತಿ ಬೆಂದ ಮೇಲೆ ಹೋಗಿದ್ದರೆ ಎರಡು ಗಂಟೆಯವರೆಗೆ ಚಿಂತೆಯಿಲ್ಲ. ಆದರೆ ಅರೆಬೆಂದಾಗ ಹೋಗಿ, ಎಷ್ಟು ಹೊತ್ತು ಇರಲಿಲ್ಲ ಎಂಬುದೇ ತಿಳಿಯದಿದ್ದರೆ, ವಾಸನೆ ಚೆನ್ನಾಗಿದ್ದರೂ ಚೆಲ್ಲಿಬಿಡಿ. ಉಗುರುಬೆಚ್ಚಗಿನ ಕೋಳಿಯಲ್ಲಿ ಕ್ರಿಮಿ ಬೆಳೆಯುವುದು ಮೂಗಿಗೆ ತಿಳಿಯುವುದಿಲ್ಲ, ಕೆಲವು ಕ್ರಿಮಿಗಳು ಬಿಟ್ಟ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಅನ್ನ ಚೆಲ್ಲಲು ನಮಗೆ ಕೈ ಬರುವುದಿಲ್ಲ, ನನಗೂ ಬರುವುದಿಲ್ಲ. ಆದರೂ ಚೆಲ್ಲಿ. ಬೆಂದಿದೆಯೋ ಎಂಬ ಅನುಮಾನಕ್ಕೆ ಅಡುಗೆಯ ಥರ್ಮಾಮೀಟರ್ ಒಂದು ಇಟ್ಟುಕೊಳ್ಳಿ. ಮೂಳೆಗೆ ತಾಗದಂತೆ ತೊಡೆಯ ನಡುವೆ ಚುಚ್ಚಿದಾಗ 74 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು.

ಪ್ರಶ್ನೆ: ಗದಗಿನಲ್ಲಿ ಕೋಣೆ ಹಿಡಿದು ಒಬ್ಬನೇ ಇದ್ದೇನೆ. ಸ್ಲೋ ಕುಕ್ಕರ್ ಕೊಳ್ಳುವಷ್ಟು ಶಕ್ತಿಯಿಲ್ಲ. ಬೇರೆ ದಾರಿ ಇದೆಯೇ ಅಕ್ಕಾ?

ಉತ್ತರ: ಇದೆ ತಮ್ಮಾ. ತಳ ದಪ್ಪಗಿರುವ ಪಾತ್ರೆ ಸಾಕು. ಅರ್ಧ ಕಿಲೋ ಕೋಳಿಗೆ ಮೇಲಿನ ಅಳತೆಯ ಅರ್ಧ ಮಾಡಿಕೊಳ್ಳಿ, ಇಲ್ಲಿ ಮಾತ್ರ ಅರ್ಧ ಲೋಟ ನೀರು ಬೇಕು. ಮುಚ್ಚಳದ ಸುತ್ತ ಕಲಸಿದ ಗೋಧಿಹಿಟ್ಟಿನ ಎಳೆ ಒತ್ತಿ, ಕಾದ ಹಂಚಿನ ಮೇಲೆ ಪಾತ್ರೆ ಇಟ್ಟು ಅತಿ ಸಣ್ಣ ಉರಿಯಲ್ಲಿ ಒಂದು ಗಂಟೆ ಬಿಡಿ. ಹಂಚು ಇರುವುದರಿಂದ ತಳ ಹಿಡಿಯುವುದಿಲ್ಲ. ಬೆಲ್ಲ ಇಲ್ಲಿಯೂ ಕೊನೆಗೇ. ಪ್ರೆಶರ್ ಕುಕ್ಕರಿನಲ್ಲಿ ಎರಡು ಸೀಟಿಗೆ ಮುಗಿಸಲೂಬಹುದು, ಆದರೆ ಮಸಾಲೆ ತುಂಡಿನ ಒಳಗೆ ಇಳಿದಿರುವುದಿಲ್ಲ.

ಪ್ರಶ್ನೆ: ಕೋಳಿಯ ಜೊತೆ ನೆನೆಸಿದ ರಾಜ್ಮಾ ಕಾಳು ಹಾಕಬಹುದೇ? (ರಾಣೆಬೆನ್ನೂರಿನ ಓದುಗರು)

ಉತ್ತರ: ನೇರವಾಗಿ ಹಾಕಬೇಡಿ. ಹಸಿ ರಾಜ್ಮಾದಲ್ಲಿ ವಾಂತಿ, ಭೇದಿ ತರುವ ವಿಷದ ಅಂಶವಿದೆ, ಸ್ಲೋ ಕುಕ್ಕರಿನ ಮಂದ ಬಿಸಿ ಅದನ್ನು ಕೊಲ್ಲಲು ಸಾಲದು. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಹತ್ತು ನಿಮಿಷವಾದರೂ ಕೊತಕೊತ ಕುದಿಸಬೇಕು. ನಾನಾದರೆ ಪ್ರೆಶರ್ ಕುಕ್ಕರಿನಲ್ಲಿ ಪೂರ್ತಿ ಬೇಯಿಸಿಕೊಂಡು, ಕೋಳಿಯ ರಸ ಕುದಿಸುವಾಗ ಸೇರಿಸುತ್ತೇನೆ. ಹುಣಸೆಯ ಹುಳಿಯಲ್ಲಿ ಕಾಳು ಮೆತ್ತಗಾಗುವುದೂ ತಡ.