ಶೇ. 95 ಶುದ್ಧ. ಉಳಿದದ್ದು?

ಪತ್ರ: ಪ್ರಯೋಗಕ್ಕೆ ತರಿಸಿದ ರೀಕಾಂಬಿನೆಂಟ್ (ಜೀನ್ ಕಸಿ ಮಾಡಿ ತಯಾರಿಸಿದ) ಇಲಿ ಲೆಪ್ಟಿನ್, ಅಂದರೆ ಹಸಿವು ತಗ್ಗಿಸುವ ಹಾರ್ಮೋನ್, ಅದರ ಸೀಸೆಯ ಮೇಲೆ ಶೇ. 95ಕ್ಕಿಂತ ಜಾಸ್ತಿ ಶುದ್ಧ ಎಂದಿದೆ. ಆದರೂ ನಮ್ಮ ಗೈಡ್ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾ ವಿಷ) ಲೆಕ್ಕ ಕೇಳುತ್ತಾರೆ. ಇದು ಸುಮ್ನೆ ಕಾಟ ಅಲ್ವಾ?
– ಒಬ್ಬ ಸಂಶೋಧನಾ ವಿದ್ಯಾರ್ಥಿ

ಉತ್ತರ: ಕಾಟವೇ, ಒಪ್ಪಿದೆ. ಟೆಸ್ಟಿಗೆ ದುಡ್ಡೂ ಬೇಕು, ಒಂದು ದಿನವೂ ಹೋಗುತ್ತದೆ. ನಿಮ್ಮ ಪರವಾಗಿ ಇಷ್ಟು ಹೇಳಿಯಾಯಿತು. ಇನ್ನು ಮಿಕ್ಕದ್ದೆಲ್ಲ ನಿಮ್ಮ ಗೈಡ್ ಪರ.

ಆ ಶೇ. 95 ಸಾಮಾನ್ಯವಾಗಿ ಜೆಲ್ ಓಡಿಸಿ, ಅಂದರೆ ಪ್ರೋಟೀನುಗಳನ್ನು ಜೆಲ್ ಪದರದಲ್ಲಿ ಬೇರ್ಪಡಿಸಿ, ತೆಗೆದ ಲೆಕ್ಕ. ಕಂಡ ಪ್ರೋಟೀನಿನಲ್ಲಿ ಲೆಪ್ಟಿನ್ ಪಾಲೆಷ್ಟು ಅಂತ ಅಷ್ಟೇ. ಎಂಡೋಟಾಕ್ಸಿನ್ ಪ್ರೋಟೀನೇ ಅಲ್ಲ. ಅದು ಇ. ಕೋಲಿ ಬ್ಯಾಕ್ಟೀರಿಯಾದ ಹೊರಪದರದ ಕೊಬ್ಬು-ಸಕ್ಕರೆ. ಪ್ರೋಟೀನಿಗೆ ಹಚ್ಚುವ ನೀಲಿ ಬಣ್ಣಕ್ಕೆ ಸಿಗುವುದಿಲ್ಲ. ನಿಮ್ಮ ಲೆಪ್ಟಿನ್ ತಯಾರಾಗಿರುವುದು ಬಹುಶಃ ಅದೇ ಇ. ಕೋಲಿಯ ಒಳಗೆ.

ಈಗ ತಮಾಷೆ ನೋಡಿ. ಲೆಪ್ಟಿನ್ ಚುಚ್ಚಿದರೆ ಇಲಿ ಕಡಿಮೆ ತಿನ್ನುತ್ತದೆ. ಎಂಡೋಟಾಕ್ಸಿನ್ ಚುಚ್ಚಿದರೂ ಮೇವು ಬಿಡುತ್ತದೆ, ಮೈ ಸರಿಯಿಲ್ಲದೆ. ತಕ್ಕಡಿಗೆ ಈ ವ್ಯತ್ಯಾಸ ಗೊತ್ತಾಗುತ್ತಾ?

1994ರಲ್ಲಿ ಅಮೆರಿಕದ ವಿಜ್ಞಾನಿ ಜೆಫ್ರಿ ಫ್ರೀಡ್ಮನ್ ಅವರ ತಂಡ ಲೆಪ್ಟಿನ್ ಜೀನ್ ಹಿಡಿಯಿತು. ಮರುವರ್ಷ ಅದೇ ತಂಡ, ಲೆಪ್ಟಿನ್ ಇಲ್ಲದೆ ಊದಿಕೊಂಡ 'ಒಬಿ' ಇಲಿಗಳಿಗೆ ದಿನವೂ ಈ ಪ್ರೋಟೀನ್ ಚುಚ್ಚಿತು. ಎರಡು ವಾರಕ್ಕೆ ತೂಕ ಶೇ. 30 ಇಳಿಯಿತು. ನನಗೆ ಅದಕ್ಕಿಂತ ಇಷ್ಟವಾದದ್ದು ಇನ್ನೊಂದು. ಲೆಪ್ಟಿನ್ ಗ್ರಾಹಕವೇ (ಜೀವಕೋಶದಲ್ಲಿ ಲೆಪ್ಟಿನ್ ಹಿಡಿಯುವ ರಿಸೆಪ್ಟರ್) ಕೆಟ್ಟಿರುವ 'ಡಿಬಿ' ಇಲಿಗಳಿಗೂ ಚುಚ್ಚಿದರು. ಅವು ಜಗ್ಗಲಿಲ್ಲ. ಬರೀ ಕೊಳೆಯ ಕೆಲಸವಾಗಿದ್ದರೆ ಅವೂ ಮೇವು ಬಿಡಬೇಕಿತ್ತು, ಅಲ್ವಾ?

ನಿಮಗೆ 'ಡಿಬಿ' ಇಲಿ ಸಿಗದಿದ್ದರೆ ಸ್ವಲ್ಪ ಲೆಪ್ಟಿನ್ ಕುದಿಸಿ ಕೆಡಿಸಿ, ಅದನ್ನೂ ಚುಚ್ಚಿ ನೋಡಿ. ಎಂಡೋಟಾಕ್ಸಿನ್ ಕುದಿಗೆಲ್ಲ ಬಗ್ಗುವುದಿಲ್ಲ. ಆಗಲೂ ಇಲಿ ಮೇವು ಬಿಟ್ಟರೆ ಗೈಡ್ ಹತ್ತಿರ ಹೋಗಿ ತಪ್ಪಾಯ್ತು ಅನ್ನಿ.

ಸೀಸೆ ತೆರೆಯುವ ಮುನ್ನ ಒಮ್ಮೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಎಂದೂ ಜೊತೆಗೆ ಬರುವ ಚೀಟಿಯಲ್ಲಿರುತ್ತದೆ. ನಾನು ಓದಿರಲಿಲ್ಲ. ಪುಡಿಯೆಲ್ಲ ಮುಚ್ಚಳಕ್ಕೆ ಅಂಟಿತ್ತು. ಖಾಲಿ ಸೀಸೆಗೆ ಬಫರ್ ದ್ರಾವಣ ಹಾಕಿ ಇಡೀ ವಾರ ಇಲಿಗಳನ್ನೇ ಬೈದೆ.

ಚೀಟಿ ಓದದವರು ಪ್ರಬಂಧ ಬರೆದರೆ ಏನಾಗುತ್ತದೆ? 'ರೀಕಾಂಬಿನೆಂಟ್ ಲೆಪ್ಟಿನ್ ನೀಡಲಾಯಿತು', ಮುಗೀತು. ಯಾವ ಲಾಟ್ (ತಯಾರಿಕೆಯ ಕಂತು), ಎಂಡೋಟಾಕ್ಸಿನ್ ಎಷ್ಟು, ಎಷ್ಟು ಸಲ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದ್ದು? ಒಂದಕ್ಕೂ ಉತ್ತರವಿಲ್ಲ. ಬಣ್ಣದ ಗ್ರಾಫಿಗೆ ಅರ್ಧ ಪುಟ, ವಿಧಾನಕ್ಕೆ ನಾಲ್ಕು ಸಾಲು. ಇಂಥ ಬರಹ ನಮ್ಮ ಮೇಜಿಗೂ ಬರುತ್ತವೆ. ಪ್ರಶ್ನೆ ಬರೆದು ವಾಪಸ್ ಕಳಿಸಿದರೆ ಮುನಿಸು ಬೇರೆ.

ನಿಮ್ಮ ಪತ್ರದಲ್ಲೂ ಲಾಟ್ ನಂಬರ್ ಇಲ್ಲ, ಗಮನಿಸಿದೆ.